ಕನ್ನಡದಲ್ಲಿ ಬರೆಯುವವರಿಗೆ ಆನ್‌ಲೈನ್‌ನಲ್ಲಿ ಏನು, ಎಲ್ಲಿ ಸಿಗುತ್ತದೆ?

"ಕಥೆ ಬರೆದಿದ್ದೇನೆ, ಎಲ್ಲಿಗೆ ಕಳಿಸಲಿ?" "ಬರೆಯುವವರ ಒಳ್ಳೆ ಗ್ರೂಪ್ ಇದ್ರೆ ನನ್ನನ್ನೂ ಸೇರಿಸಿ." ಈ ಎರಡು ಪ್ರಶ್ನೆಗಳು ಬರದ ವಾರವಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಗೊತ್ತಿರುವುದನ್ನೆಲ್ಲ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬರೆಯುವವರಿಗೆ ನಿಜಕ್ಕೂ ಬೇಕಾಗುವುದು ತಮ್ಮ ಬರಹವನ್ನು ಕೊನೇತನಕ ಓದಿ, ಎಲ್ಲಿ ಬೇಜಾರಾಯಿತು ಅಂತ ಮುಖ ನೋಡದೆ ಹೇಳುವ ಎರಡು ಮೂರು ಜನ. ಗ್ರೂಪು, ಆ್ಯಪು, ಜಾಲತಾಣ ಎಲ್ಲವೂ ಅಂಥವರು ಸಿಗಬಹುದಾದ ಜಾಗಗಳು, ಅಷ್ಟೇ. ಹತ್ತು ವಾಟ್ಸ್‌ಆ್ಯಪ್ ಗ್ರೂಪಿಗೆ ಸೇರಿ ದಿನಾ ಶುಭೋದಯದ ಚಿತ್ರ ಅಳಿಸುತ್ತಾ ಕೂತವರು ಬೇಕಾದಷ್ಟು ಜನ ಇದ್ದಾರೆ. ನೀವು ಆ ಸಾಲಿಗೆ ಸೇರಬೇಡಿ.

ಶುರು ಮಾಡುವ ಮುಂಚೆ ಕೈಯಲ್ಲಿ ಮೂರು ಇರಲಿ: ಪೂರ್ತಿ ಮುಗಿಸಿದ ಒಂದು ಬರಹ (ಅರ್ಧ ಬರೆದದ್ದನ್ನು ಯಾರಿಗೂ ತೋರಿಸಬೇಡಿ, ಮುಗಿಸುವ ಹುರುಪೇ ಹೋಗುತ್ತದೆ), ನಿಮ್ಮ ಹೆಸರಿನಲ್ಲೇ ಇರುವ ಇಮೇಲ್ ವಿಳಾಸ, ಮತ್ತೆ ಯುನಿಕೋಡ್ ಕನ್ನಡ ಟೈಪಿಂಗ್. ಮೂರನೆಯದರಲ್ಲೇ ಜಾಸ್ತಿ ಜನ ಎಡವುತ್ತಾರೆ. ಅಲ್ಲಿಂದಲೇ ಶುರು ಮಾಡೋಣ.

1. ಟೈಪಿಂಗ್ ಸರಿ ಮಾಡಿಕೊಳ್ಳಿ

ಯುನಿಕೋಡ್ ಅಂದರೆ ಪ್ರತಿ ಕನ್ನಡ ಅಕ್ಷರಕ್ಕೂ ಕಂಪ್ಯೂಟರಿನಲ್ಲಿ ಅದರದ್ದೇ ಸಂಕೇತ ಇರುವ ವ್ಯವಸ್ಥೆ. ಯಾವ ಫೋನಿನಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುತ್ತದೆ, ಗೂಗಲ್‌ನಲ್ಲಿ ಹುಡುಕಿದರೂ ಸಿಗುತ್ತದೆ. "ನುಡಿ", "ಬರಹ" ಅನ್ನುವ ಹಳೆಯ ಕನ್ನಡ ಟೈಪಿಂಗ್ ತಂತ್ರಾಂಶಗಳ ಆಸ್ಕಿ ಫಾಂಟುಗಳು ಹಾಗಲ್ಲ. ಅಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರಗಳೇ. ಮೇಲೆ ಕನ್ನಡದ ಆಕಾರ ಹೊದಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಡೆ ಫೈಲ್ ತೆರೆದರೆ ತಲೆ ಮೇಲೆ ಗೀಟು ಎಳೆದ ಇಂಗ್ಲಿಷ್ A ಅಕ್ಷರಗಳ ಸಾಲೇ ಕಾಣುತ್ತದೆ. ಸಂಪಾದಕರು ಅಂಥ ಫೈಲನ್ನು ಪಕ್ಕಕ್ಕಿಟ್ಟರೆ ಅವರನ್ನು ದೂರುವ ಹಾಗಿಲ್ಲ.

ಹಳೇ ನುಡಿ ಫೈಲುಗಳಿದ್ದರೆ ಮತ್ತೆ ಟೈಪ್ ಮಾಡಬೇಕಿಲ್ಲ. ಆಸ್ಕಿಯಿಂದ ಯುನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಾಯಿಸಿದ ಮೇಲೆ ಒಂದು ಸಲ ಕಣ್ಣಾಡಿಸಿ. ಸೂರ್ಯ, ಕಾರ್ಯ ಇಂಥ ಪದಗಳ ಅರ್ಕಾವತ್ತು ಮತ್ತು ದೊಡ್ಡ ಒತ್ತಕ್ಷರಗಳು ಕೆಟ್ಟಿರುವುದು ಸಾಮಾನ್ಯ. ಆಸ್ಕಿ ಫೈಲನ್ನು ಮಾತ್ರ ಅಳಿಸಬೇಡಿ. ಇವತ್ತಿಗೂ ಕೆಲವು ಕಡೆ ಪುಟವಿನ್ಯಾಸ ಮಾಡುವವರು ನುಡಿ ಫೈಲೇ ಬೇಕು ಅನ್ನುತ್ತಾರೆ.

ಇನ್ನೊಂದು ಸಣ್ಣ ವಿಷಯ, ಆದರೆ ಓದುವ ಕಣ್ಣಿಗೆ ಚುಚ್ಚುತ್ತದೆ. "ಸಾಫ್ಟ್‌ವೇರ್" ಅಂತ ಬರೆಯಲು ಹೋದರೆ ಕೆಲವು ಕೀಬೋರ್ಡುಗಳಲ್ಲಿ "ಸಾಫ್ಟ್ವೇರ್" ಅಂತ ಬಂದು ವ ಅಕ್ಷರ ಕೆಳಗಿಳಿದು ಒತ್ತಾಗುತ್ತದೆ. ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕಿದರೆ ಇದು ನಿಲ್ಲುತ್ತದೆ. ಅದಕ್ಕೆ ಝೀರೋ ವಿಡ್ತ್ ನಾನ್ ಜಾಯಿನರ್ ಅಂತ ಹೆಸರು. ನಿಮ್ಮ ಕೀಬೋರ್ಡಿನಲ್ಲಿ ಅದು ಸಿಗದಿದ್ದರೆ ಸರಿಯಾಗಿ ಬರೆದಿರುವ ಪದವನ್ನು ಎಲ್ಲಿಂದಾದರೂ ಕಾಪಿ ಮಾಡಿ ಅಂಟಿಸಿ, ಸಾಕು.

ಫೋನಿಗೆ ಹೇಳಿ ಬರೆಸುವುದು ಮೊದಲ ಕರಡಿಗೆ ಅನುಕೂಲ. ಆದರೆ ಧಾರವಾಡದ ಮಾತಿಗೋ ಕುಂದಾಪುರದ ಮಾತಿಗೋ ಅದನ್ನು ನಂಬಬೇಡಿ. ಏನೇನೋ ಬರೆದಿಟ್ಟಿರುತ್ತದೆ.

2. ಪದ ಮತ್ತು ಪುಸ್ತಕ ಸಿಗುವ ಜಾಗಗಳನ್ನು ಗುರುತು ಮಾಡಿಟ್ಟುಕೊಳ್ಳಿ

ಇವನ್ನು ಬ್ರೌಸರಿನಲ್ಲಿ ಬುಕ್‌ಮಾರ್ಕ್ ಮಾಡಿ. ಎಲ್ಲವೂ ಉಚಿತ.

ಮೊದಲನೆಯದು ಅಲರ್. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು. ಒಂದೂವರೆ ಲಕ್ಷದಷ್ಟು ಪದಗಳಿವೆ. 2019ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಹುಡುಕುವಾಗ ಮೂಲ ರೂಪ ಕೊಡಿ. "ಹೋದಳು" ಅಂತ ಕೊಟ್ಟು ಸಿಗಲಿಲ್ಲ ಅನ್ನುವವರಿದ್ದಾರೆ. "ಹೋಗು" ಅಂತ ಕೊಡಬೇಕು. ಇಂಗ್ಲಿಷ್ ಪದಕ್ಕೆ ಕನ್ನಡ ಬೇಕಿದ್ದರೆ ಸರ್ಕಾರದ ಪದಕಣಜ, ಇಲ್ಲವೇ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ ನೋಡಿ. ಒಂದೊಂದರಲ್ಲೂ ಹಲವು ನಿಘಂಟುಗಳನ್ನು ಒಟ್ಟಿಗೆ ಹುಡುಕಬಹುದು. ಒಂದೇ ಪದಕ್ಕೆ ನಾಲ್ಕಾರು ಪಾರಿಭಾಷಿಕ ಪದಗಳು ಬಂದರೆ ಗಾಬರಿಯಾಗಬೇಡಿ. ಜನರ ಬಾಯಲ್ಲಿ ಇರುವುದನ್ನೇ ಆರಿಸಿ. ಯಾರೂ ಆಡದ ಪದ ನಿಘಂಟಿನಲ್ಲಿದೆ ಅನ್ನುವ ಕಾರಣಕ್ಕೆ ಕಥೆಯಲ್ಲಿ ತಂದಿಡಬೇಡಿ.

ವಚನ ಉಲ್ಲೇಖಿಸುವ ಅಭ್ಯಾಸವಿದ್ದರೆ ವಚನ ಸಂಚಯ ತಾಣ ನಿಮ್ಮ ಪಾಲಿನ ಕಾವಲುಗಾರ. ಒಂದು ಪದ ಕೊಟ್ಟರೆ ಅದು ಯಾವ ಯಾವ ವಚನಕಾರರಲ್ಲಿ, ಯಾವ ವಚನದಲ್ಲಿ ಬಂದಿದೆ ಅಂತ ಪಟ್ಟಿ ಕೊಡುತ್ತದೆ. ಬಸವಣ್ಣನ ಹೆಸರಿನಲ್ಲಿ, ಸರ್ವಜ್ಞನ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಹುಟ್ಟಿದ ಸಾಲುಗಳು ಎಷ್ಟು ಓಡಾಡುತ್ತಿವೆ ಅಂತ ನಿಮಗೇ ಗೊತ್ತು. ಅಂಕಿತ ನೋಡಿ ಮೋಸ ಹೋಗಬೇಡಿ, ಹುಡುಕಿ ಖಾತ್ರಿ ಮಾಡಿಕೊಳ್ಳಿ.

ಹಳೆಯ ಪುಸ್ತಕಗಳಿಗೆ ಇಂಟರ್‌ನೆಟ್ ಆರ್ಕೈವ್ ದೊಡ್ಡ ಖಜಾನೆ. ಕಿಟೆಲ್ ಅವರ 1894ರ ನಿಘಂಟಿನಿಂದ ಹಿಡಿದು ಹಳೇ ಕಾದಂಬರಿಗಳವರೆಗೆ ಸ್ಕ್ಯಾನ್ ಮಾಡಿದ ಪ್ರತಿಗಳಿವೆ. ಒಂದು ಎಚ್ಚರಿಕೆ: ಅಲ್ಲಿ ಸಿಕ್ಕಿತು ಅಂದ ಮಾತ್ರಕ್ಕೆ ಹಕ್ಕು ಮುಗಿದಿದೆ ಅಂತಲ್ಲ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಓದಿ, ಅಗತ್ಯವಿದ್ದರೆ ಹೆಸರು ಹೇಳಿ ಒಂದೆರಡು ಸಾಲು ಉಲ್ಲೇಖಿಸಿ. ಅಧ್ಯಾಯವನ್ನೇ ಎತ್ತಿ ಪೋಸ್ಟ್ ಮಾಡಬೇಡಿ.

ಕಾಗುಣಿತ ತಿದ್ದುವ ತಂತ್ರಾಂಶದ ಮೇಲೆ ಭಾರ ಹಾಕಬೇಡಿ. ಕನ್ನಡದಲ್ಲಿ ಪದಕ್ಕೆ ಪ್ರತ್ಯಯ ಅಂಟುತ್ತದೆ, ಸಂಧಿಯಾಗುತ್ತದೆ. ಹಾಗಾಗಿ ಸರಿ ಇರುವ ಪದಗಳ ಕೆಳಗೂ ಕೆಂಪು ಗೆರೆ ಬರುತ್ತದೆ. ಲ-ಳ, ನ-ಣ, ಅ-ಹ, ಅಲ್ಪಪ್ರಾಣ-ಮಹಾಪ್ರಾಣ ಇವುಗಳಲ್ಲಿ ನೀವು ಯಾವುದನ್ನು ತಪ್ಪುತ್ತೀರಿ ಅಂತ ಗೊತ್ತು ಮಾಡಿಕೊಂಡು ಅದಕ್ಕೊಂದು ಚೀಟಿ ಮಾಡಿಟ್ಟುಕೊಳ್ಳುವುದೇ ವಾಸಿ.

3. ಜನ ಎಲ್ಲಿದ್ದಾರೆ ನೋಡಿ

ಇಲ್ಲಿ ನೀವು ಬರೆಯುವುದು ಏನು ಅನ್ನುವುದರ ಮೇಲೆ ದಾರಿ ಬೇರೆಯಾಗುತ್ತದೆ.

ಧಾರಾವಾಹಿ, ಪ್ರೇಮಕಥೆ, ಥ್ರಿಲ್ಲರ್ ಬರೆಯುವವರಿಗೆ ಪ್ರತಿಲಿಪಿ ಆ್ಯಪ್. 2014ರಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದು, ಹಲವು ಭಾರತೀಯ ಭಾಷೆಗಳಲ್ಲಿದೆ. ಅಲ್ಲಿ ನಿಜವಾದ ಓದುಗರು ಸಿಗುತ್ತಾರೆ, ಅದರಲ್ಲಿ ಅನುಮಾನವಿಲ್ಲ. "ಮುಂದಿನ ಭಾಗ ಬೇಗ ಹಾಕಿ" ಅನ್ನುವವರು ಬರೆಯುವ ಚಟ ಹಿಡಿಸುತ್ತಾರೆ. ಆದರೆ ಆಳವಾದ ವಿಮರ್ಶೆ ಕಡಿಮೆ. ಐದು ನಕ್ಷತ್ರ ಕೊಡುವುದು, ಪಡೆಯುವುದು ಒಂದು ಮುಯ್ಯಿ ವ್ಯವಹಾರದಂತೆ ನಡೆಯುವುದೂ ಉಂಟು. ಯಾವ ಭಾಗದಲ್ಲಿ ಓದುಗರು ಬಿಟ್ಟುಹೋದರು ಅಂತ ನೋಡಿ, ನಕ್ಷತ್ರಕ್ಕಿಂತ ಅದೇ ಜಾಸ್ತಿ ಪಾಠ ಹೇಳುತ್ತದೆ.

ಮಕ್ಕಳಿಗೆ ಬರೆಯುವವರು ಪ್ರಥಮ್ ಬುಕ್ಸ್ ಅವರ ಸ್ಟೋರಿವೀವರ್ ಜಾಲತಾಣ ನೋಡಬೇಕು. 2015ರಿಂದ ಇದೆ. ಕನ್ನಡದಲ್ಲಿ ಕಥೆ ಬರೆಯಬಹುದು, ಬೇರೆ ಭಾಷೆಯದನ್ನು ಅನುವಾದಿಸಬಹುದು, ಅಲ್ಲಿರುವ ಚಿತ್ರಗಳನ್ನೇ ಬಳಸಬಹುದು. ಒಂದು ಪುಟಕ್ಕೆ ಎರಡು ಮೂರು ವಾಕ್ಯದಲ್ಲಿ ಕಥೆ ಹೇಳುವುದು ಎಷ್ಟು ಕಷ್ಟ ಅಂತ ಅಲ್ಲಿ ಕೂತಾಗಲೇ ಗೊತ್ತಾಗುವುದು. ಆದರೆ ಅಲ್ಲಿ ಹಾಕುವ ಕಥೆಗಳಿಗೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇರುತ್ತದೆ. ಅಂದರೆ ನಿಮ್ಮ ಹೆಸರು ಹೇಳಿ ಯಾರು ಬೇಕಾದರೂ ಅದನ್ನು ಬಳಸಬಹುದು, ಬದಲಾಯಿಸಬಹುದು, ಮಾರಲೂಬಹುದು. ಒಪ್ಪಿಗೆಯಿದ್ದರೆ ಮಾತ್ರ ಹಾಕಿ. ಆಮೇಲೆ "ನನ್ನ ಕಥೆ ಅವರು ಅಚ್ಚು ಹಾಕಿದರು" ಅಂತ ತಕರಾರು ಮಾಡುವಂತಿಲ್ಲ.

ಲೇಖನ, ಸ್ಥಳೀಯ ಇತಿಹಾಸ, ಸಸ್ಯ, ದೇವಸ್ಥಾನ, ಜಾನಪದ ಇಂಥವು ನಿಮ್ಮ ಆಸಕ್ತಿಯಾದರೆ ಕನ್ನಡ ವಿಕಿಪೀಡಿಯಕ್ಕೆ ಹೋಗಿ. ಅದು 2003ರಿಂದ ನಡೆಯುತ್ತಿದೆ. ಅಲ್ಲಿನ ಬರಹಗಾರರು ಸೇರಿ ಚರ್ಚೆ ಮಾಡುವ ಪುಟಕ್ಕೆ ಅರಳಿಕಟ್ಟೆ ಅಂತಲೇ ಹೆಸರು. ಖಾತೆ ತೆರೆದು ಮೊದಲು ನಿಮ್ಮ ಪ್ರಯೋಗಪುಟದಲ್ಲಿ ಬರೆದು ನೋಡಿ. "ಈ ಮಾತಿಗೆ ಆಧಾರ ಎಲ್ಲಿದೆ?" ಅಂತ ಗುರುತಿಲ್ಲದವರು ಕೇಳಿದಾಗ ಮೊದಲು ಸಿಟ್ಟು ಬರುತ್ತದೆ. ಆಮೇಲೆ ನಿಮ್ಮ ಬರಹದಲ್ಲಿ "ಅಂತ ಹೇಳಲಾಗುತ್ತದೆ" ಅನ್ನುವ ಸಾಲುಗಳು ತಾವಾಗಿಯೇ ಕಡಿಮೆಯಾಗುತ್ತವೆ. ಕವಿತೆಗೆ, ಸ್ವಂತ ಅಭಿಪ್ರಾಯಕ್ಕೆ ಅಲ್ಲಿ ಜಾಗವಿಲ್ಲ. ನಿಮ್ಮ ಬಗ್ಗೆ ನೀವೇ ಪುಟ ಬರೆದುಕೊಂಡರೆ ಅಳಿಸುತ್ತಾರೆ.

ಸಣ್ಣಕಥೆ, ಕವಿತೆ, ಪ್ರಬಂಧ ಬರೆಯುವವರಿಗೆ ಜಾಲಪತ್ರಿಕೆಗಳೇ ಮುಖ್ಯ. ಕೆಂಡಸಂಪಿಗೆ, ಅವಧಿ, ಪಂಜು, ಋತುಮಾನ, ಬುಕ್ ಬ್ರಹ್ಮ ಇವನ್ನು ಒಂದು ತಿಂಗಳು ಸುಮ್ನೆ ಓದಿ. ಒಂದೊಂದರ ರುಚಿ ಬೇರೆ. ಹೊನಲು ಕೂಡ ಇದೆ, ಆದರೆ ಅದು ಮಹಾಪ್ರಾಣ ಬಿಟ್ಟು ಬರೆಯುವ ಬೇರೆಯದೇ ಕಾಗುಣಿತ ಪಾಲಿಸುತ್ತದೆ. ನಿಮಗದು ಒಗ್ಗುತ್ತದೆಯೇ ನೋಡಿಕೊಳ್ಳಿ.

ಹೊರದೇಶದಲ್ಲಿರುವವರು ನಮಗೆ ಯಾರೂ ಇಲ್ಲ ಅಂದುಕೊಳ್ಳಬೇಡಿ. ಇಂಗ್ಲೆಂಡಿನ ಕನ್ನಡಿಗರು ನಡೆಸುವ "ಅನಿವಾಸಿ" ಜಾಲತಾಣ ಇದೆ. ಅಮೆರಿಕದಲ್ಲಿ ಕನ್ನಡ ಸಾಹಿತ್ಯ ರಂಗ ಇದೆ, ಎರಡು ವರ್ಷಕ್ಕೊಮ್ಮೆ ಸಾಹಿತ್ಯೋತ್ಸವ ಮಾಡುತ್ತದೆ. ಊರಿನಲ್ಲಿರುವ ಹೆಣ್ಣುಮಕ್ಕಳಿಗೆ ಕರ್ನಾಟಕ ಲೇಖಕಿಯರ ಸಂಘ ಒಳ್ಳೆಯ ಬಾಗಿಲು. ರಾತ್ರಿ ಹನ್ನೊಂದಕ್ಕೆ "ಹಾಯ್ ಮೇಡಂ, ಕವನ ಚೆನ್ನಾಗಿದೆ" ಅನ್ನುವ ಸಂದೇಶಗಳ ಕಾಟ ಅಂಥ ಕಡೆ ಕಡಿಮೆ.

ಫೇಸ್‌ಬುಕ್, ವಾಟ್ಸ್‌ಆ್ಯಪ್ ಗ್ರೂಪುಗಳ ಹೆಸರು ನಾನು ಬೇಕೆಂದೇ ಹೇಳುತ್ತಿಲ್ಲ. ಇವತ್ತು ಚೆನ್ನಾಗಿರುವ ಗ್ರೂಪ್ ಅಡ್ಮಿನ್ ಬದಲಾದ ಮರುದಿನ ಹಾಳಾಗುತ್ತದೆ. ಬದಲಿಗೆ ಪರೀಕ್ಷೆ ಮಾಡುವ ಕ್ರಮ ಹೇಳುತ್ತೇನೆ. ಸೇರಿದ ಮೇಲೆ ಒಂದು ವಾರ ಏನೂ ಬರೆಯಬೇಡಿ, ನೋಡಿ. ಯಾರಾದರೂ ಒಂದು ಕಥೆಯ ಒಂದು ನಿರ್ದಿಷ್ಟ ಸಾಲನ್ನು ಹಿಡಿದು ಮಾತಾಡುತ್ತಿದ್ದಾರಾ? ತಪ್ಪು ತೋರಿಸಿದವರಿಗೆ ಬರೆದವರು ಹೇಗೆ ಉತ್ತರ ಕೊಡುತ್ತಾರೆ? ಅಡ್ಮಿನ್ ಕವಿತೆಗೂ ಬೇರೆಯವರ ಕವಿತೆಗೂ ಒಂದೇ ಅಳತೆ ಇದೆಯಾ? ಬರಹಕ್ಕಿಂತ ಸನ್ಮಾನದ ಫೋಟೋ ಜಾಸ್ತಿ ಇದೆಯಾ? ಪುಸ್ತಕದ ಬಗ್ಗೆ ಶುರುವಾದ ಮಾತು ಎಷ್ಟು ಹೊತ್ತಿಗೆ ಜಾತಿಗೋ ಪಕ್ಷಕ್ಕೋ ತಿರುಗುತ್ತದೆ? ವಾರದ ಕೊನೆಗೆ ಉತ್ತರ ನಿಮಗೇ ಸಿಕ್ಕಿರುತ್ತದೆ. ಹೊರಬರಲು ಸಂಕೋಚ ಬೇಡ, ಕಾರಣ ಹೇಳಬೇಕಾಗಿಯೂ ಇಲ್ಲ.

4. ಓದುಗರನ್ನು ಆರಿಸಿ, ಕೇಳುವ ಹಾಗೆ ಕೇಳಿ

ಇಡೀ ಲೇಖನದಲ್ಲಿ ಇದೇ ಮುಖ್ಯವಾದ ಹಂತ. ದಯವಿಟ್ಟು ಹಾರಿಸಬೇಡಿ.

ಪ್ರಕಟಣೆಗೆ ಮುಂಚೆ ಬರಹ ಓದಿ ಅಭಿಪ್ರಾಯ ಹೇಳುವವರನ್ನು ಬೀಟಾ ಓದುಗರು ಅನ್ನುತ್ತಾರೆ. ಇಂಥವರು "ಬೇಕಾಗಿದ್ದಾರೆ" ಅಂತ ಪೋಸ್ಟ್ ಹಾಕಿದರೆ ಸಿಗುವುದಿಲ್ಲ. ಮೊದಲು ನೀವು ಬೇರೆಯವರದನ್ನು ಓದಬೇಕು, ಓದಿದ್ದು ಗೊತ್ತಾಗುವ ಹಾಗೆ ಬರೆಯಬೇಕು. "ಸೂಪರ್ ಸರ್", "ಅದ್ಭುತ ಸಾಲುಗಳು" ಅಂತ ಹಾಕಿದರೆ ಓದದೆಯೂ ಹಾಕಿರಬಹುದು. "ಎರಡನೇ ಪುಟದಲ್ಲಿ ಅಜ್ಜಿಯ ತಿಥಿ ಆಗಿದೆ, ನಾಲ್ಕನೇ ಪುಟದಲ್ಲಿ ಅವರೇ ಕಾಫಿ ಸೋಸುತ್ತಿದ್ದಾರೆ, ನೋಡಿ" ಅಂತ ಒಬ್ಬರು ಬರೆದರೆ ಅವರು ನಿಜವಾಗಿ ಓದಿದ್ದಾರೆ. ಅಂಥ ಕಾಮೆಂಟ್ ಬರೆಯುವವರ ಹೆಸರು ಗುರುತು ಹಾಕಿಕೊಳ್ಳಿ. ನಿಮಗೆ ಬೇಕಾದವರು ಅವರೇ.

ಆಮೇಲೆ ಖಾಸಗಿಯಾಗಿ ಕೇಳಿ. ಹೀಗೆ ಬರೆಯಬಹುದು:

"ನಮಸ್ಕಾರ ಮೇಡಂ. ಹೋದ ವಾರ ನೀವು ಹಾಕಿದ ಕಥೆ ಓದಿದೆ. ಬಸ್ ಸ್ಟ್ಯಾಂಡಿನ ಭಾಗ ತುಂಬಾ ಹಿಡಿಸಿತು, ಕೊನೆ ಮಾತ್ರ ಸ್ವಲ್ಪ ಅವಸರವಾಯಿತು ಅನಿಸಿತು. ನಾನೂ ಒಂದು ಕಥೆ ಬರೆದಿದ್ದೇನೆ, 1,800 ಪದ ಇದೆ. ಬಿಡುವಾದಾಗ ಓದಿ, ಎಲ್ಲಿ ಓದುವುದು ನಿಲ್ಲಿಸೋಣ ಅನಿಸಿತು ಅಂತ ಮಾತ್ರ ಹೇಳುತ್ತೀರಾ? ಆಗದಿದ್ದರೂ ಪರವಾಗಿಲ್ಲ. ನಿಮ್ಮ ಮುಂದಿನ ಕಥೆ ಓದಿ ಹೇಳಲು ನಾನಿದ್ದೇನೆ."

ಇಲ್ಲಿ ಏನೇನಿದೆ ನೋಡಿ. ಉದ್ದ ಎಷ್ಟು ಅಂತ ಮೊದಲೇ ಹೇಳಿದೆ. ಒಂದೇ ಪ್ರಶ್ನೆ ಇದೆ. "ಹೇಗಿದೆ ಹೇಳಿ" ಅಂತ ಕೇಳಿದರೆ "ಚೆನ್ನಾಗಿದೆ" ಅಂತಲೇ ಉತ್ತರ ಬರುತ್ತದೆ, ಏಕೆಂದರೆ ನಮ್ಮಲ್ಲಿ ಮುಖದ ಮೇಲೆ ಚೆನ್ನಾಗಿಲ್ಲ ಅನ್ನುವುದು ಒರಟುತನ. ಓದು ನಿಲ್ಲಿಸಬೇಕು ಅನಿಸಿದ ಜಾಗ ಯಾವುದು ಅಂತ ಕೇಳಿದರೆ ಆ ಸಂಕೋಚ ಬಿಟ್ಟುಹೋಗುತ್ತದೆ. ಫೈಲನ್ನು ಗೂಗಲ್ ಡಾಕ್ಸ್‌ನಲ್ಲಿ ಇಟ್ಟು ಕಾಮೆಂಟ್ ಮಾಡಲು ಮಾತ್ರ ಅನುಮತಿ ಕೊಡಿ. ತಿದ್ದುವ ಅನುಮತಿ ಕೊಟ್ಟರೆ ಕೆಲವರು ಪ್ರೀತಿಯಿಂದ ನಿಮ್ಮ ಕಥೆಯನ್ನು ತಮ್ಮ ಕಥೆ ಮಾಡಿಬಿಡುತ್ತಾರೆ.

ಉತ್ತರ ಬಂದಾಗ ವಾದಕ್ಕೆ ಇಳಿಯಬೇಡಿ. "ನಾನು ಹೇಳಹೊರಟಿದ್ದು ಅದಲ್ಲ" ಅಂತ ವಿವರಿಸುವ ಆಸೆ ಬಂದರೆ, ಆ ವಿವರಣೆ ಕಥೆಯೊಳಗೆ ಇಲ್ಲ ಅಂತಲೇ ಅರ್ಥ. ಧನ್ಯವಾದ ಹೇಳಿ, ಎರಡು ದಿನ ಬಿಟ್ಟು ನೋಡಿ. ಒಬ್ಬರು ಹೇಳಿದ್ದನ್ನು ಬಿಡಬಹುದು. ಒಬ್ಬರಿಗೊಬ್ಬರು ಗೊತ್ತಿಲ್ಲದ ಇಬ್ಬರು ಒಂದೇ ಜಾಗದಲ್ಲಿ ಬೆರಳಿಟ್ಟರೆ ಆ ಜಾಗ ತಿದ್ದಲೇಬೇಕು.

ಕೃತಕ ಬುದ್ಧಿಮತ್ತೆಗೆ ಕೊಟ್ಟು ಕೇಳಬಹುದಾ ಅಂತ ಈಚೆಗೆ ಬಹಳ ಜನ ಕೇಳುತ್ತಾರೆ. ಅಕ್ಷರದೋಷ, ಬಿಟ್ಟುಹೋದ ಪದ ಹುಡುಕಲು ಸ್ವಲ್ಪ ನೆರವಾದೀತು. ಆದರೆ ಹೊಗಳಿಕೆಯಲ್ಲಿ ಅದು ವಾಟ್ಸ್‌ಆ್ಯಪ್ ಗ್ರೂಪನ್ನೂ ಮೀರಿಸುತ್ತದೆ, ನಿಮ್ಮ ಊರಿನ ಮಾತನ್ನು ತಿದ್ದಿ ಪಠ್ಯಪುಸ್ತಕದ ಕನ್ನಡ ಮಾಡಿಡುತ್ತದೆ.

5. ಕಳಿಸುವ ಮುಂಚೆ "ಅಪ್ರಕಟಿತ" ಅನ್ನುವ ಷರತ್ತು ನೋಡಿ

ಹೊಸಬರು ಜಾಸ್ತಿ ಕಳೆದುಕೊಳ್ಳುವುದು ಇಲ್ಲೇ. ಕಥಾಸ್ಪರ್ಧೆಗಳು, ಪತ್ರಿಕೆಗಳು ಕೇಳುವುದು "ಸ್ವತಂತ್ರ ಮತ್ತು ಅಪ್ರಕಟಿತ" ಬರಹ. ಅಂದರೆ ಅನುವಾದವಾಗಿರಬಾರದು, ಎಲ್ಲೂ ಪ್ರಕಟವಾಗಿರಬಾರದು. ನಿಮ್ಮ ಫೇಸ್‌ಬುಕ್ ಗೋಡೆ, ಪ್ರತಿಲಿಪಿ, ಸ್ವಂತ ಬ್ಲಾಗ್, ಎಲ್ಲವೂ ಪ್ರಕಟಣೆಯೇ ಅಂತ ಬಹಳಷ್ಟು ಕಡೆ ಎಣಿಸುತ್ತಾರೆ. ಗೆದ್ದ ಮೇಲೆ ಯಾರೋ ಹಳೆಯ ಪೋಸ್ಟಿನ ಸ್ಕ್ರೀನ್‌ಶಾಟ್ ಕಳಿಸಿದರೆ ಬಹುಮಾನವೂ ಹೋಗುತ್ತದೆ, ಹೆಸರೂ ಹೋಗುತ್ತದೆ.

ಹಾಗಾಗಿ ಮೊದಲೇ ಎರಡು ಗುಂಪು ಮಾಡಿ: ಜನರ ಜೊತೆ ಮಾತುಕತೆಗೆ ಹಾಕುವಂಥವು, ಪತ್ರಿಕೆಗೆ ಅಥವಾ ಸ್ಪರ್ಧೆಗೆ ಇಟ್ಟುಕೊಳ್ಳುವಂಥವು. ಎರಡನೇ ಗುಂಪಿನದು ಓದುಗರಿಗೆ ಖಾಸಗಿಯಾಗಿ ಮಾತ್ರ ಹೋಗಲಿ.

ಮಾಸಪತ್ರಿಕೆಗಳಲ್ಲಿ ಮಯೂರ, ತುಷಾರ, ವಾರಪತ್ರಿಕೆಗಳಲ್ಲಿ ಸುಧಾ, ತರಂಗ ಕಥೆ ಪ್ರಕಟಿಸುತ್ತವೆ. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆ ಎಲ್ಲರಿಗೂ ಗೊತ್ತಿರುವುದೇ. ಇನ್ನೂ ಸಂಕಲನ ತರದ ಕಥೆಗಾರರ ಹಸ್ತಪ್ರತಿಗೆ "ಛಂದ ಪುಸ್ತಕ" ಪ್ರಕಾಶನ ಸ್ಪರ್ಧೆ ನಡೆಸುತ್ತಾ ಬಂದಿದೆ. ನಿಯಮಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ಓದಿ, ಯಾರೋ ಫಾರ್ವರ್ಡ್ ಮಾಡಿದ್ದನ್ನು ನಂಬಬೇಡಿ. ಹೋದ ವರ್ಷದ ಕೊನೇ ದಿನಾಂಕ ಈ ವರ್ಷವೂ ಸುತ್ತುತ್ತಿರುತ್ತದೆ.

ಒಂದು ಬರಹ ಒಂದು ಸಲಕ್ಕೆ ಒಂದೇ ಕಡೆ. ಇಮೇಲ್‌ನ ವಿಷಯದ ಸಾಲಿನಲ್ಲಿ "ಕಥೆ", ಶೀರ್ಷಿಕೆ, ನಿಮ್ಮ ಹೆಸರು ಇರಲಿ. ಫೈಲಿನೊಳಗೆ ಹೆಸರು, ಫೋನ್ ನಂಬರ್ ಹಾಕಿ, ಆದರೆ ಸ್ಪರ್ಧೆಗಳಲ್ಲಿ ಕಥೆಯ ಪುಟದ ಮೇಲೆ ಹೆಸರು ಇರಬಾರದು ಅನ್ನುವ ನಿಯಮ ಸಾಮಾನ್ಯ, ನೋಡಿಕೊಳ್ಳಿ. ಉತ್ತರ ಬಾರದಿರುವುದೇ ಹೆಚ್ಚು. ಎರಡು ಮೂರು ತಿಂಗಳು ಕಾದು, "ಇಂಥ ದಿನ ಕಳಿಸಿದ್ದ ಈ ಕಥೆಯನ್ನು ಹಿಂಪಡೆಯುತ್ತಿದ್ದೇನೆ" ಅಂತ ಒಂದು ಸಾಲು ಬರೆದು, ಆಮೇಲೆ ಬೇರೆ ಕಡೆ ಕಳಿಸಿ. ಆ ಒಂದು ಸಾಲು ಬರೆಯದೆ ಒಂದೇ ಕಥೆ ಎರಡು ಪತ್ರಿಕೆಯಲ್ಲಿ ಬಂದರೆ ಎರಡೂ ಬಾಗಿಲು ಮುಚ್ಚುತ್ತವೆ.

6. ಹಕ್ಕು ಮತ್ತು ದುಡ್ಡಿನ ವಿಷಯ

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೀವು ಬರೆದ ಕ್ಷಣದಿಂದಲೇ ಬರಹದ ಹಕ್ಕು ನಿಮ್ಮದು. ನೋಂದಣಿ ಮಾಡಿಸಲೇಬೇಕು ಅಂತಿಲ್ಲ. ಹಕ್ಕನ್ನು ಬೇರೆಯವರಿಗೆ ವರ್ಗಾಯಿಸಬೇಕಾದರೆ ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. ಅದೇ ಕಾಯ್ದೆಯ 19ನೇ ಕಲಂ ಪ್ರಕಾರ ಒಪ್ಪಂದದಲ್ಲಿ ಅವಧಿ ಹೇಳದಿದ್ದರೆ 5 ವರ್ಷ ಅಂತಲೂ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರ ಅಂತಲೂ ಲೆಕ್ಕ. ಆದ್ದರಿಂದ "ಎಲ್ಲ ಹಕ್ಕುಗಳೂ ಶಾಶ್ವತವಾಗಿ, ಎಲ್ಲ ಮಾಧ್ಯಮಗಳಿಗೂ" ಅನ್ನುವ ಸಾಲು ಕಂಡರೆ ಪೆನ್ನು ಕೆಳಗಿಡಿ. ಅಚ್ಚಿನ ಹಕ್ಕು, ಇ-ಪುಸ್ತಕ, ಆಡಿಯೋ, ಸಿನಿಮಾ, ಅನುವಾದ ಬೇರೆ ಬೇರೆ ಹಕ್ಕುಗಳು. ಒಂದನ್ನು ಕೊಟ್ಟು ಉಳಿದದ್ದು ಇಟ್ಟುಕೊಳ್ಳಬಹುದು. ಆ್ಯಪುಗಳಲ್ಲಿ "ಒಪ್ಪುತ್ತೇನೆ" ಒತ್ತುವಾಗಲೂ ಇಷ್ಟು ಮಾತ್ರ ಹುಡುಕಿ: ನಾನು ಅಳಿಸಿದರೆ ಅವರ ಹಕ್ಕು ಮುಗಿಯುತ್ತದಾ?

ಇನ್ನು ಹೊಸಬರ ಜೇಬಿಗೆ ಕೈ ಹಾಕುವವರು. ಪುಸ್ತಕ ಸಂಕಲನದಲ್ಲಿ ನಿಮ್ಮ ಒಂದು ಕವಿತೆ ಹಾಕುತ್ತೇವೆ, ಐದು ಪ್ರತಿ ಕೊಳ್ಳಲೇಬೇಕು ಅನ್ನುವುದು ಒಂದು ಬಗೆ. ರಾಜ್ಯಮಟ್ಟದ ಪ್ರಶಸ್ತಿಗೆ ಆಯ್ಕೆಯಾಗಿದ್ದೀರಿ, ಶಾಲು-ಫಲಕದ ಖರ್ಚು ಕಳಿಸಿ ಅನ್ನುವುದು ಇನ್ನೊಂದು. ನೂರು ಕವಿಗಳು ಒಂದೇ ದಿನ ಬರೆದ "ದಾಖಲೆ"ಯ ಪ್ರಮಾಣಪತ್ರವೂ ದುಡ್ಡಿಗೇ. ಮೊದಲ ಸಲ ಹೆಸರು ಅಚ್ಚಾಗುವ ಖುಷಿಯಲ್ಲಿ ಯಾರೂ ಲೆಕ್ಕ ಕೇಳುವುದಿಲ್ಲ ಅಂತ ಅವರಿಗೆ ಗೊತ್ತು.

ಲೇಖಕರೇ ದುಡ್ಡು ಹಾಕಿ ಪುಸ್ತಕ ತರುವುದು ನಮ್ಮಲ್ಲಿ ಹಳೆಯ ಪದ್ಧತಿ, ಅದೆಲ್ಲ ಮೋಸವಲ್ಲ. ಆದರೆ ಲೆಕ್ಕ ಕಾಗದದ ಮೇಲೆ ಇರಲಿ. ಎಷ್ಟು ಪ್ರತಿ, ಡೆಮಿ 1/8 ಆಕಾರದಲ್ಲಿ (ಕಥೆ-ಕಾದಂಬರಿ ಪುಸ್ತಕಗಳ ಸಾಮಾನ್ಯ ಅಳತೆ) ಎಷ್ಟು ಪುಟ, ಯಾವ ಕಾಗದ, ಕರಡು ತಿದ್ದುವವರು ಯಾರು, ಪ್ರತಿಗಳು ಯಾರ ಹತ್ತಿರ ಉಳಿಯುತ್ತವೆ, ಗ್ರಂಥಾಲಯದ ಸಗಟು ಖರೀದಿಯ ಹಣ ಯಾರಿಗೆ ಬರುತ್ತದೆ? ಈ ಕೊನೆಯ ಪ್ರಶ್ನೆ ಕೇಳಿದಾಗ ಎದುರಿನವರ ದನಿ ಬದಲಾದರೆ ಎದ್ದು ಬನ್ನಿ.

ಐಎಸ್‌ಬಿಎನ್‌ಗೆ, ಅಂದರೆ ಪುಸ್ತಕಕ್ಕೆ ಕೊಡುವ ಅಂತರರಾಷ್ಟ್ರೀಯ ಸಂಖ್ಯೆಗೆ, ಯಾರಾದರೂ ಸಾವಿರಾರು ರೂಪಾಯಿ ಕೇಳಿದರೆ ಕೊಡಬೇಡಿ. ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ. ಸ್ವಂತ ಪುಸ್ತಕ ತರುವ ಲೇಖಕರೂ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು.

ಮೊದಲ ಪುಸ್ತಕವಾಗಿದ್ದರೆ ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನ ಯೋಜನೆಯನ್ನು ತಪ್ಪದೆ ನೋಡಿ. ವಯಸ್ಸಿನ ಮಿತಿ ಇರುತ್ತದೆ, ಹಸ್ತಪ್ರತಿಯನ್ನು ಆಯ್ಕೆ ಸಮಿತಿ ಓದುತ್ತದೆ. ಅರ್ಜಿ ಕರೆದ ಸುದ್ದಿ ದಿನಪತ್ರಿಕೆಗಳಲ್ಲಿ ಸಣ್ಣದಾಗಿ ಬಂದು ಹೋಗುತ್ತದೆ. ಹಸ್ತಪ್ರತಿ ಟೈಪ್ ಆಗಿ, ಕರಡು ತಿದ್ದಿ, ಮೊದಲೇ ಸಿದ್ಧವಿರಲಿ. ಸುದ್ದಿ ನೋಡಿದ ಮೇಲೆ ನೋಟ್‌ಬುಕ್ ಹುಡುಕಿ ಟೈಪ್ ಮಾಡಿಸಲು ಹೋದರೆ ಕೊನೇ ದಿನಾಂಕ ದಾಟಿರುತ್ತದೆ.